ಏಳನೇ ಪ್ಯಾರಾದಲ್ಲಿ ಅಪ್ಪನ ಹೊಲ

ಮೊದಲ ಪೇಪರ್ ವಾಪಸ್ ಬಂದಾಗ 20ಕ್ಕೆ 9 ಇತ್ತು. ಕೆಳಗೆ ಪ್ರೊಫೆಸರ್ ಎರಡು ಮೂರು ಸಾಲು ಬರೆದಿದ್ದರು. ಮಾಹಿತಿ ಬೇಕಾದಷ್ಟಿದೆ, ಆದರೆ ನೀವು ಏನು ಹೇಳಲು ಹೊರಟಿದ್ದೀರಿ ಅಂತ ಗೊತ್ತಾಗಲಿಲ್ಲ. ಒಮ್ಮೆ ರೈಟಿಂಗ್ ಸೆಂಟರಿನವರ ಹತ್ತಿರ ಮಾತಾಡಿ. ನವೆಂಬರ್ ಮಧ್ಯದೊಳಗೆ ತಿದ್ದಿ ಬರೆದರೆ ಮತ್ತೆ ನೋಡುತ್ತೇನೆ.

ಆ ಪೇಪರಿಗೆ ನಾನು ಮೂರು ವಾರ ನಿದ್ದೆ ಕೆಟ್ಟಿದ್ದೆ. ಕೆಲಸ ಮುಗಿಸಿ ಬಂದು, ಅಡುಗೆ ಮಾಡಿ, ಮಗನನ್ನು ಮಲಗಿಸಿ, ಆಮೇಲೆ ಹಾಸನದ ವಿದ್ಯಾನಗರದ ನಮ್ಮ ಮನೆಯ ಮಹಡಿ ರೂಮಿನಲ್ಲಿ ಕೂತು ಬರೆದದ್ದು. ಇಂಗ್ಲಿಷಿನಲ್ಲಿ ತಪ್ಪಿರುತ್ತೆ ಅನ್ನೋ ಹೆದರಿಕೆ ಮೊದಲಿನಿಂದ ಇತ್ತು. ಆದರೆ ಏನು ಹೇಳಿದ್ದೇನೆ ಅನ್ನೋದೇ ಓದಿದವರಿಗೆ ಗೊತ್ತಾಗಲಿಲ್ಲ ಅಂದರೆ ಅದನ್ನು ಎಲ್ಲಿಂದ ಸರಿ ಮಾಡೋದು ಅಂತ ತೋಚಲಿಲ್ಲ.

ನನ್ನದು ಹಾಸನ ತಾಲ್ಲೂಕು, ದುದ್ದ ಹೋಬಳಿಯ ಒಂದು ಹಳ್ಳಿ. ಅಪ್ಪ ಆಲೂಗಡ್ಡೆ ಬೆಳೆಯುವವರು. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮೀಡಿಯಂ, ಆಮೇಲೆ ಕಾರೇಕೆರೆ ಕೃಷಿ ಕಾಲೇಜಿನಲ್ಲಿ ಬಿಎಸ್ಸಿ. ಈಗ ಒಂದು ರೈತ ಉತ್ಪಾದಕ ಕಂಪನಿಯಲ್ಲಿ ಕೆಲಸ. ಕೆಲಸ ಬಿಡದೆ ಮುಂದೆ ಓದಬೇಕು ಅಂತ ಅಮೆರಿಕದ ಒಂದು ವಿಶ್ವವಿದ್ಯಾಲಯದ ಆನ್‌ಲೈನ್ ಮಾಸ್ಟರ್ಸ್ ಕೋರ್ಸಿಗೆ ಸೇರಿದೆ. ಬೆಳೆಗಳ ರೋಗದ ಬಗ್ಗೆ ಓದುವ ಕೋರ್ಸು. ಅಲ್ಲಿ ಪರೀಕ್ಷೆ ಕಡಿಮೆ, ಬರೆಯೋದು ಜಾಸ್ತಿ.

ವಿಷಯವನ್ನು ನಾನೇ ಆರಿಸಿಕೊಂಡಿದ್ದೆ. ಹಾಸನದ ಆಲೂಗಡ್ಡೆ, ಅದಕ್ಕೆ ಬರುವ ಅಂಗಮಾರಿ ರೋಗ. ಹುಟ್ಟಿದಾಗಿನಿಂದ ನೋಡಿದ ಬೆಳೆ. ಅದರಲ್ಲೇ ಒಂಬತ್ತು ಬಂತಲ್ಲ ಅಂತ ತುಂಬಾ ನೋವಾಯಿತು.

ಜೊತೆಯಲ್ಲಿ ಕೆಲಸ ಮಾಡುವ ಹಿರಿಯರೊಬ್ಬರು, "ದುಡ್ಡು ಕೊಟ್ರೆ ಬರೆದುಕೊಡೋರು ಇದಾರೆ ಕಣಮ್ಮ, ಯಾಕೆ ಒದ್ದಾಡ್ತೀಯ" ಅಂದರು. ಗೆಳತಿಯೊಬ್ಬಳು ಎಐಗೆ ಹಾಕಿ ಸರಿ ಮಾಡಿಸಿಕೊ, ಎರಡು ನಿಮಿಷದ ಕೆಲಸ ಅಂದಳು. ಇಬ್ಬರೂ ನನ್ನ ಒಳ್ಳೆಯದಕ್ಕೇ ಹೇಳಿದ್ದು. ಆದರೆ ಸಾಲ ಮಾಡಿ ಫೀಸು ಕಟ್ಟಿರುವವಳು ನಾನು. ಕಲಿಯಬೇಕಾದವಳೂ ನಾನೇ ಅಲ್ವಾ.

ರೈಟಿಂಗ್ ಸೆಂಟರ್ ಅಂದರೆ ಟ್ಯೂಷನ್ ಇರಬೇಕು, ಬೇರೆ ಫೀಸು ಇರುತ್ತೆ ಅಂದುಕೊಂಡಿದ್ದೆ. ಅಲ್ಲಿನ ಸುಮಾರು ವಿಶ್ವವಿದ್ಯಾಲಯಗಳಲ್ಲಿ ಇದು ಲೈಬ್ರರಿ ಇದ್ದ ಹಾಗೆ, ಬರವಣಿಗೆಗೆ ಸಹಾಯ ಮಾಡಲು ಅಲ್ಲಿ ಓದುವ ಎಲ್ಲರಿಗೂ ಇರುವ ಸೌಲಭ್ಯ. ನಮ್ಮಲ್ಲಿ ಬೇರೆ ಫೀಸು ಇರಲಿಲ್ಲ. ವೆಬ್‌ಸೈಟಿನಲ್ಲಿ ಟೈಮ್ ಬುಕ್ ಮಾಡಬೇಕು. ಒಂದು ಸಲಕ್ಕೆ 45 ನಿಮಿಷ. ಆನ್‌ಲೈನಿನವರಿಗೆ ವಿಡಿಯೋ ಕರೆ. ಫಾರಂನಲ್ಲಿ ಯಾವ ಕೋರ್ಸು, ಬರವಣಿಗೆ ಎಲ್ಲಿಗೆ ಬಂದಿದೆ, ಯಾವುದರಲ್ಲಿ ಸಹಾಯ ಬೇಕು ಅಂತ ಕೇಳಿದ್ದರು. ನಾನು ಒಂದೇ ಪದ ಹಾಕಿದೆ: ಗ್ರಾಮರ್. ಅವರ ಬೆಳಗಿನ ಹತ್ತು ಗಂಟೆ ಸಿಕ್ಕಿತು. ಅಕ್ಟೋಬರಿನಲ್ಲಿ ಅದು ನಮಗೆ ಸಂಜೆ ಏಳೂವರೆ.

ಟ್ಯೂಟರ್ ಇಂಗ್ಲಿಷಿನಲ್ಲಿ ಪಿಎಚ್‌ಡಿ ಮಾಡುತ್ತಿದ್ದ ಹುಡುಗಿ. ನನಗಿಂತ ಎರಡು ಮೂರು ವರ್ಷ ಚಿಕ್ಕವರೇ ಇರಬೇಕು. ಹೆಸರು ಹಿಡಿದು ಕರೆಯಿರಿ ಅಂದರು. ನನಗೆ ಬಾಯಿ ಬರಲಿಲ್ಲ, ಕೊನೆತನಕ ಮೇಡಂ ಅಂತಲೇ ಕರೆದೆ. ಮೊದಲು ಅವರು ಕೇಳಿದ್ದು ನನ್ನ ಪೇಪರನ್ನಲ್ಲ, ಪ್ರೊಫೆಸರ್ ಕೊಟ್ಟಿದ್ದ ಪ್ರಶ್ನೆಯ ಹಾಳೆಯನ್ನು. ಅದನ್ನು ನಾನು ಒಂದು ಸಲ ಓದಿ ಪಕ್ಕಕ್ಕಿಟ್ಟಿದ್ದೆ. ಇಬ್ಬರೂ ಸೇರಿ ಓದಿದೆವು. ಒಂದು ರೋಗ ನಿರ್ವಹಣಾ ಪದ್ಧತಿಯನ್ನು ಆರಿಸಿಕೊಂಡು ಅದು ಒಂದು ಜಾಗದಲ್ಲಿ ಯಾಕೆ ಕೆಲಸ ಮಾಡುತ್ತೆ ಅಥವಾ ಯಾಕೆ ಮಾಡಲ್ಲ ಅಂತ ವಾದ ಮಂಡಿಸಿ ಅಂತ ಇತ್ತು. ವಾದ ಅನ್ನೋ ಪದವನ್ನು ನಾನು ಗಮನಿಸಿಯೇ ಇರಲಿಲ್ಲ.

ಆಮೇಲೆ, ನಿಮ್ಮ ಪೇಪರನ್ನು ನೀವೇ ಜೋರಾಗಿ ಓದಿ ಅಂದರು.

ಕೆಳಗಡೆ ಟಿವಿಯಲ್ಲಿ ಧಾರಾವಾಹಿ ಓಡುತ್ತಿತ್ತು. ಎದ್ದು ಬಾಗಿಲು ಹಾಕಿ ಬಂದೆ. ನಾನು ಬರೆದ ಇಂಗ್ಲಿಷನ್ನು ನಾನೇ ಜೋರಾಗಿ ಓದಿದ್ದು ಅದೇ ಮೊದಲು. ಎರಡನೇ ಪ್ಯಾರಾದಲ್ಲಿ ಒಂದು ವಾಕ್ಯ ಮುಗಿಯುವಷ್ಟರಲ್ಲಿ ಉಸಿರು ಸಾಲದೆ ನಿಂತೆ. ಎಣಿಸಿದರೆ 61 ಪದ ಇತ್ತು. ಅವರು ಏನೂ ಅನ್ನಲಿಲ್ಲ. ಅಲ್ಲಿ ಒಂದು ಗೆರೆ ಹಾಕಿಕೊಳ್ಳಿ, ಮುಂದೆ ಓದಿ ಅಂದರು, ಅಷ್ಟೇ. ಓದುತ್ತಾ ಓದುತ್ತಾ ನನ್ನ ಕಿವಿಗೇ ಗೊತ್ತಾಗತೊಡಗಿತು. ಕಣ್ಣಿಗೆ ಕಾಣದ ತಪ್ಪು ಬಾಯಿಗೆ ತಡವರಿಸುತ್ತೆ.

ಓದಿ ಮುಗಿದ ಮೇಲೆ ಒಂದೊಂದು ಪ್ಯಾರಾದ ಪಕ್ಕದಲ್ಲೂ ಅದು ಏನು ಹೇಳುತ್ತೆ ಅಂತ ಒಂದೇ ಸಾಲು ಬರೆಯಲು ಹೇಳಿದರು. ಬರೆದೆ. ಒಂದು, ಆಲೂಗಡ್ಡೆ ದಕ್ಷಿಣ ಅಮೆರಿಕದ ಆಂಡಿಸ್ ಪರ್ವತದ ಬೆಳೆ. ಎರಡು, ಪೋರ್ಚುಗೀಸರು ಅದನ್ನು ಭಾರತಕ್ಕೆ ತಂದರು. ಮೂರು, ಕರ್ನಾಟಕದಲ್ಲಿ ಎಲ್ಲೆಲ್ಲಿ ಬೆಳೆಯುತ್ತಾರೆ. ನಾಲ್ಕು, ಹಾಸನದ ಹವಾಮಾನ. ಐದು, 1845ರಲ್ಲಿ ಐರ್ಲೆಂಡಿನಲ್ಲಿ ಇದೇ ರೋಗದಿಂದ ಶುರುವಾದ ಬರಗಾಲ. ಆರು, ಈ ರೋಗ ತರುವ ಫೈಟೋಫ್ಥೊರಾ ಇನ್‌ಫೆಸ್ಟನ್ಸ್ ಹೇಗೆ ಹರಡುತ್ತೆ. ಏಳು, ಜುಲೈ ತಿಂಗಳ ಒಂದು ವಾರ ನಮ್ಮ ಹೊಲದಲ್ಲಿ ಏನಾಯಿತು. ಎಂಟು, ಹತೋಟಿ ಕ್ರಮಗಳು. ಒಂಬತ್ತು, ಉಪಸಂಹಾರ.

ಮೇಡಂ ಏಳನೇ ಪ್ಯಾರಾದ ಮೇಲೆ ಕರ್ಸರ್ ಇಟ್ಟು, ಇದು ಎಲ್ಲಿಂದ ಬಂತು ಅಂತ ಕೇಳಿದರು.

ನನಗೆ ಎದೆ ಧಸಕ್ಕೆಂದಿತು. ಕದ್ದದ್ದು ಅಂದುಕೊಂಡರೇನೋ ಅನಿಸಿತು. ಇದಕ್ಕೆ ಯಾವ ಪುಸ್ತಕದ ಆಧಾರವೂ ಇಲ್ಲ ಮೇಡಂ, ನಮ್ಮ ಹೊಲದ್ದು, ತೆಗೆದುಬಿಡ್ತೀನಿ ಅಂದೆ. ಅವರು ಬೇಡ ಬೇಡ ಅಂತ ಎರಡೂ ಕೈ ಆಡಿಸಿದರು. ಉಳಿದ ಎಂಟು ಪ್ಯಾರಾವನ್ನು ಯಾರು ಬೇಕಾದರೂ ಬರೆಯಬಹುದು, ಇದೊಂದನ್ನು ನೀವು ಮಾತ್ರ ಬರೆಯಬಲ್ಲಿರಿ ಅಂದರು.

ನಾವು ಶಾಲೆಯಲ್ಲಿ ಪ್ರಬಂಧ ಬರೆಯೋದು ಕಲಿತದ್ದು ನೆನಪಿದೆಯಲ್ಲ? ಪೀಠಿಕೆ, ವಿಷಯ ವಿವರಣೆ, ಉಪಸಂಹಾರ. ಪೀಠಿಕೆಯಲ್ಲಿ ವಿಷಯದ ಮೂಲಕ್ಕೇ ಹೋಗಬೇಕು. ಕೊನೆಗೆ ಎಲ್ಲರೂ ಸೇರಿ ಶ್ರಮಿಸೋಣ ಅಂತ ಮುಗಿಸಬೇಕು. ನಮ್ಮ ಕನ್ನಡ ಮೇಷ್ಟ್ರು ಅದನ್ನು ಎಷ್ಟು ಚೆನ್ನಾಗಿ ಹೇಳಿಕೊಟ್ಟಿದ್ದರು ಅಂದರೆ ಹದಿನೈದು ವರ್ಷ ಆದರೂ ನನ್ನ ಕೈ ಹಾಗೇ ಓಡುತ್ತೆ. ಅವರ ಮೇಲೆ ನನಗೆ ಇವತ್ತಿಗೂ ಗೌರವ ಇದೆ. ಅವರು ಬರೆಯಲು ಕೂರಿಸದೆ ಇದ್ದಿದ್ದರೆ ನಾನು ಈ ಮಟ್ಟಕ್ಕೆ ಬರುತ್ತಿರಲಿಲ್ಲ. ಆದರೆ ಆ ಪ್ರಬಂಧದಲ್ಲಿ, ಡಿಗ್ರಿಯ ರೆಕಾರ್ಡ್ ಪುಸ್ತಕದಲ್ಲಿ, ಸೆಮಿನಾರ್ ವರದಿಯಲ್ಲಿ ಎಲ್ಲೂ ನಿನಗೇನು ಅನಿಸುತ್ತೆ ಅಂತ ಯಾರೂ ಕೇಳಿರಲಿಲ್ಲ. ಕೇಳದೇ ಇದ್ದದ್ದನ್ನು ಬರೆದರೆ ಅಧಿಕಪ್ರಸಂಗ ಅಂತಲೇ ನಾನು ತಿಳಿದಿದ್ದೆ.

ಮೇಡಂಗೆ ಆಲೂಗಡ್ಡೆ ಬೇಸಾಯದ ಗಂಧಗಾಳಿ ಇರಲಿಲ್ಲ. ಅದೇ ನನಗೆ ಅನುಕೂಲವಾಯಿತು. ಆ ವಾರ ಏನಾಯಿತು, ಮೊದಲಿಂದ ಹೇಳಿ ಅಂದರು. ಪೇಪರ್ ಮುಚ್ಚಿಟ್ಟು ಹೇಳಿದೆ.

ಐದಾರು ದಿನ ಬಿಡದೆ ಮೋಡ, ಸೋನೆ ಮಳೆ. ಬೆಳಗ್ಗೆ ಹೊಲಕ್ಕೆ ಇಳಿದಾಗ ಅಪ್ಪ ನಿಂತಲ್ಲೇ ಮೂಗು ಏರಿಸಿದರು. ಕೊಳೆತ ಸೊಪ್ಪಿನ ವಾಸನೆ. ಒಂದು ಗಿಡದ ಎಲೆಯಲ್ಲಿ ನೀರಲ್ಲಿ ನೆನೆದಂಥ ಕಂದುಗಪ್ಪು ಮಚ್ಚೆ. ಎಲೆ ತಿರುವಿದರೆ ಆ ಮಚ್ಚೆಯ ಅಂಚಿನಲ್ಲಿ ಬಿಳಿ ಬೂಷ್ಟು, ಹತ್ತಿ ಎಳೆ ಉದುರಿಸಿದ ಹಾಗೆ. ಎಲೆ ಒದ್ದೆ ಇರುವ ಬೆಳಗಿನ ಹೊತ್ತಿನಲ್ಲೇ ಅದು ಚೆನ್ನಾಗಿ ಕಾಣೋದು, ಬಿಸಿಲೇರಿ ಎಲೆ ಒಣಗಿದರೆ ಸರಿಯಾಗಿ ಕಾಣಲ್ಲ. ಅಷ್ಟು ಹೊತ್ತಿಗೆ ಪಕ್ಕದ ಸಾಲಿಗೂ ಹೋಗಿತ್ತು. ಹತ್ತು ದಿನದಲ್ಲಿ ಹೊಲಕ್ಕೆ ಬೆಂಕಿ ಬಿದ್ದ ಹಾಗಾಯಿತು.

ರೋಗ ಬರುವ ಮೊದಲೇ ಔಷಧಿ ಹೊಡೆಯಬೇಕು ಅಂತ ಇಲಾಖೆಯವರು ಹೇಳ್ತಾರಲ್ಲ, ಹೊಡೆಯಲಿಲ್ಲವಾ ಅಂತ ಮೇಡಂ ಕೇಳಿದರು. ನನ್ನ ಎಂಟನೇ ಪ್ಯಾರಾದಲ್ಲಿ ಅದೇ ಇತ್ತು. ಮೋಡ ಕವಿದ ಕೂಡಲೇ ಮ್ಯಾಂಕೊಜೆಬ್ ಸಿಂಪಡಿಸಬೇಕು ಅಂತ.

ದುಡ್ಡೆಲ್ಲಿತ್ತು ಅಂದೆ. ಮೇ ತಿಂಗಳಲ್ಲಿ ಹಾಸನದ ಎಪಿಎಂಸಿ ಯಾರ್ಡಿಗೆ ಪಂಜಾಬಿನ ಜಲಂಧರ್ ಕಡೆಯಿಂದ ಬಿತ್ತನೆ ಗಡ್ಡೆ ಬರುತ್ತೆ. ಕುಫ್ರಿ ಜ್ಯೋತಿ ತಳಿ. 1968ರಲ್ಲಿ ಬಿಡುಗಡೆಯಾದಾಗ ಅಂಗಮಾರಿ ತಡೆಯುವ ಶಕ್ತಿ ಇದ್ದ ತಳಿ ಅದು, ಈಗ ಆ ಶಕ್ತಿ ಉಳಿದಿಲ್ಲ. ಕೈಯಲ್ಲಿದ್ದ ಕಾಸೆಲ್ಲ ಬಿತ್ತನೆಗೇ ಹೋಗುತ್ತೆ. ಆಮೇಲೆ ಗೊಬ್ಬರ, ಕೂಲಿ. ಜುಲೈ ಹೊತ್ತಿಗೆ ಔಷಧಿ ಅಂಗಡಿಯಲ್ಲಿ ಸಾಲ ಕೇಳಬೇಕು. ಗಿಡ ಹಸಿರಾಗಿ ನಿಂತಿರುವಾಗ ಸಾಲ ಕೇಳಿದರೆ ಅಂಗಡಿಯವರು ನೋಡೋಣ ಅಂತಾರೆ. ಮಚ್ಚೆ ಬಿದ್ದ ಮೇಲೆ ಕೊಡ್ತಾರೆ, ಆಗ ಹೊತ್ತು ಮೀರಿರುತ್ತೆ. ಅಪ್ಪ ಒಂದು ಮಾತು ಹೇಳ್ತಾರೆ. ಇಲ್ಲದ ರೋಗಕ್ಕೆ ಯಾರು ಸಾಲ ಕೊಡ್ತಾರೆ?

ಮಾತಾಡುತ್ತಾ ನಾನು ಸ್ಕ್ರೀನ್ ನೋಡಿರಲಿಲ್ಲ. ನೋಡಿದರೆ ಮೇಡಂ ನಾನು ಹೇಳಿದ್ದನ್ನೆಲ್ಲ ಹಾಗೇ ಟೈಪ್ ಮಾಡಿ ಚಾಟ್‌ನಲ್ಲಿ ಕಳಿಸಿದ್ದರು. ಒಂದು ಪದವನ್ನೂ ತಿದ್ದಿರಲಿಲ್ಲ. ಇದರಲ್ಲಿ ನಿಮ್ಮ ವಾದ ಯಾವ ಸಾಲಿನಲ್ಲಿದೆ, ನೀವೇ ಹುಡುಕಿ ಅಂದರು. ಕೊನೆಯ ಸಾಲು. ಮುಂಜಾಗ್ರತೆಯ ಸಿಂಪಡಣೆ ಸಣ್ಣ ರೈತರ ಹೊಲದಲ್ಲಿ ಸೋಲೋದು ತಿಳಿವಳಿಕೆ ಕಡಿಮೆ ಅಂತಲ್ಲ, ಸಾಲ ಸಿಗುವ ಹೊತ್ತು ಮತ್ತು ರೋಗದ ಹೊತ್ತು ಒಂದಕ್ಕೊಂದು ಕೂಡಿ ಬರಲ್ಲ ಅಂತ. ಬರೆದುಕೊಳ್ಳುವಾಗ ಕೈ ನಡುಗುತ್ತಿತ್ತು. ಅಷ್ಟರಲ್ಲಿ 45 ನಿಮಿಷ ಮುಗಿಯಿತು.

ಗ್ರಾಮರ್ ಬಗ್ಗೆ ಆವತ್ತು ಒಂದು ಮಾತೂ ಬರಲಿಲ್ಲ. ಆ ರಾತ್ರಿ ಅದು ನನಗೆ ಸ್ವಲ್ಪ ಬೇಸರವೇ ಆಗಿತ್ತು. ಆಮೇಲೆ ಅರ್ಥವಾಯಿತು. ಹೇಗೂ ಕಿತ್ತು ಹಾಕಬೇಕಾದ ನಾಲ್ಕು ಪ್ಯಾರಾಗಳ ಗ್ರಾಮರ್ ಸರಿ ಮಾಡಿ ಏನು ಉಪಯೋಗ?

ಎರಡನೇ ಸಲ ಹೋದಾಗ ಅದನ್ನು ಎತ್ತಿಕೊಂಡರು. ಅದೂ ನಾನು ಅಂದುಕೊಂಡ ಹಾಗಲ್ಲ. ಅವರು ತಿದ್ದಿ ಕೊಡಲ್ಲ. ಎಷ್ಟು ಅಂಕ ಬರಬಹುದು ಅಂತಲೂ ಹೇಳಲ್ಲ. ನನ್ನದು ಮುಖ್ಯವಾಗಿ 'ದಿ', 'ಎ' ತೊಂದರೆ. ಕನ್ನಡದಲ್ಲಿ ಅಂಥವು ಇಲ್ಲ, ಹಾಗಾಗಿ ಎಲ್ಲಿ ಬೇಕು ಎಲ್ಲಿ ಬೇಡ ಅಂತ ನಮ್ಮ ಕಿವಿ ಹೇಳಲ್ಲ. ಎರಡು ಜಾಗ ತೋರಿಸಿ ಕಾರಣ ಹೇಳಿದರು. ಓದುವವರಿಗೆ ಯಾವ ಹೊಲ ಅಂತ ಈಗಾಗಲೇ ಗೊತ್ತಿದೆಯಾ, ಇಲ್ಲವಾ ಅಂತ ಕೇಳಿಕೊಳ್ಳಿ ಅಂದರು. ಇಂಥವು ಇನ್ನೂ ಇವೆ, ಹುಡುಕಿ ಅಂತ ಬಿಟ್ಟರು. ಆ ಭಾನುವಾರ ಕೂತು ಹದಿನಾಲ್ಕು ಹುಡುಕಿದೆ. ತಿದ್ದಿ ಕೊಟ್ಟಿದ್ದರೆ ಒಂದೂ ನೆನಪಿರುತ್ತಿರಲಿಲ್ಲ.

ನಾವು ಬರೆದದ್ದು ಬೇರೆಯವರ ಬರಹಕ್ಕೆ ಎಲ್ಲೆಲ್ಲಿ ಹೋಲುತ್ತೆ ಅಂತ ತೋರಿಸುವ ಟರ್ನಿಟಿನ್ ವರದಿಯಲ್ಲಿ ನನ್ನ ಆರನೇ ಪ್ಯಾರಾ ಪೂರ್ತಿ ಬಣ್ಣ ಬಣ್ಣ ಆಗಿತ್ತು. ಮೂಲದ ಹೆಸರು ಹಾಕಿದ್ದೆ, ಪದಗಳನ್ನೂ ಅಲ್ಲಲ್ಲಿ ಬದಲಾಯಿಸಿದ್ದೆ. ಅದು ಸಾಲದು ಅಂತ ಗೊತ್ತಿರಲಿಲ್ಲ. ನೋಟ್ಸ್ ಬರೆಸಿ, ಅದನ್ನೇ ಬಾಯಿಪಾಠ ಮಾಡಿ ಹಾಗೇ ಒಪ್ಪಿಸಿದರೆ ಜಾಸ್ತಿ ಅಂಕ ಸಿಗುವ ಕಡೆ ಓದಿ ಬಂದವರಿಗೆ ಇದು ನಿಜವಾಗಿಯೂ ಹೊಸದು. ಕದಿಯುವ ಉದ್ದೇಶ ಯಾರಿಗೂ ಇರಲ್ಲ. ಮೇಡಂ ಹೇಳಿಕೊಟ್ಟದ್ದು ತುಂಬಾ ಸರಳ. ಮೂಲವನ್ನು ಓದು, ಮುಚ್ಚು. ಪಕ್ಕದಲ್ಲಿ ಕೂತವರಿಗೆ ಹೇಳುವ ಹಾಗೆ ಬಾಯಲ್ಲಿ ಹೇಳು. ಹೇಳಿದ್ದನ್ನು ಬರೆ. ಆಮೇಲೆ ಮೂಲ ತೆಗೆದು ಹೋಲಿಸಿ ನೋಡು, ಹೆಸರು ವರ್ಷ ಹಾಕು. ನಾನು ಕನ್ನಡದಲ್ಲಿ ಹೇಳಿಕೊಂಡು ಇಂಗ್ಲಿಷಿನಲ್ಲಿ ಬರೆದೆ. ಕನ್ನಡದ ದಾರಿಯಲ್ಲಿ ಸುತ್ತಿ ಬಂದ ವಾಕ್ಯ ಮೂಲದ ಹಾಗೆ ಇರೋದು ಕಷ್ಟ. ಈ ದಾರಿ ನಮ್ಮಂಥವರಿಗೆ ಬಹಳ ಒಳ್ಳೆಯದು ಅಂತ ನನ್ನ ಅನುಭವ.

ನವೆಂಬರಿನಲ್ಲಿ ಒಂದು ಎಡವಟ್ಟಾಯಿತು. ಕೊನೆಯ ಸಲ ತೋರಿಸಬೇಕು ಅಂತ ಅದೇ ಬೆಳಗಿನ ಹತ್ತು ಗಂಟೆ ಬುಕ್ ಮಾಡಿದ್ದೆ. ಏಳೂವರೆಗೆ ಕೂತೆ. ಯಾರೂ ಬರಲಿಲ್ಲ. ಎಂಟಾಯಿತು. ಎಂಟೂ ಕಾಲಿಗೆ ಕರೆಂಟೂ ಹೋಯಿತು. ಮರೆತರೇನೋ ಅಂತ ಲ್ಯಾಪ್‌ಟಾಪ್ ಮುಚ್ಚಿ ಕೆಳಗೆ ಇಳಿದು ಬಂದೆ, ಮನಸ್ಸು ಬಹಳ ಮುದುಡಿತ್ತು. ಎಂಟೂ ಮುಕ್ಕಾಲಿಗೆ ಮೇಲ್ ಬಂತು. ನಿಮಗಾಗಿ ಕಾದೆ, ಹುಷಾರಾಗಿದ್ದೀರಾ ಅಂತ. ಅಲ್ಲಿ ನವೆಂಬರಿನ ಮೊದಲ ಭಾನುವಾರ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ಇಡ್ತಾರೆ. ಅವರ ಹತ್ತು ಗಂಟೆ ಆವತ್ತಿನಿಂದ ನಮಗೆ ಎಂಟೂವರೆ. ಮಾರ್ಚಿನ ಎರಡನೇ ಭಾನುವಾರ ಮತ್ತೆ ಏಳೂವರೆಗೆ ಬರುತ್ತೆ. ಇಲ್ಲಿ ಕೂತು ಅಲ್ಲಿ ಓದುವವರು ಈ ಎರಡು ಭಾನುವಾರಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ. ಬುಕ್ ಮಾಡಿ ಹೋಗದೆ ಇದ್ದರೆ ನಮ್ಮ ಸೆಂಟರಿನಲ್ಲಿ ಲೆಕ್ಕ ಇಡುತ್ತಾರೆ, ಮೂರು ಸಲ ಆದರೆ ಆ ಸೆಮಿಸ್ಟರಿಗೆ ಬಾಗಿಲು ಬಂದ್. ಕಾರಣ ಬರೆದೆ, ಎರಡು ದಿನ ಬಿಟ್ಟು ಬೇರೆ ಟೈಮ್ ಸಿಕ್ಕಿತು.

ಆ ಸಲ ಸಿಕ್ಕಿದ ಟ್ಯೂಟರ್ ಬೇರೆ. ಅವರು ಮೊದಲ ಇಪ್ಪತ್ತು ನಿಮಿಷ ಎಲ್ಲ ಚೆನ್ನಾಗಿದೆ ಅಂತಲೇ ಹೇಳುತ್ತಿದ್ದರು. ಅದು ಕೇಳಲು ಖುಷಿ, ಆದರೆ ಕೆಲಸಕ್ಕೆ ಬರಲ್ಲ. ಆಮೇಲೆ ನಾನೇ, ಮೂರನೇ ಪ್ಯಾರಾದಿಂದ ನಾಲ್ಕಕ್ಕೆ ಹೋಗುವಾಗ ನಿಮಗೆ ಎಡವುತ್ತಾ ಅಂತ ಕೇಳಿದೆ. ಆಗ ಅವರು ನಿಜ ಹೇಳಿದರು. ಹೋಗುವ ಮೊದಲು ನಮ್ಮ ಪ್ರಶ್ನೆ ನಮ್ಮ ಹತ್ತಿರ ಇರಬೇಕು. ನಾನೀಗ ಪೂರ್ತಿ ಬರೆದು ಮುಗಿಸುವ ತನಕ ಕಾಯೋದೂ ಇಲ್ಲ. ಅರ್ಧ ಬರೆದಿರುವಾಗಲೇ ಹೋಗುತ್ತೇನೆ, ಆಗ ಕಿತ್ತು ಹಾಕಲು ಮನಸ್ಸು ಬರುತ್ತೆ. ಸೆಮಿಸ್ಟರ್ ಕೊನೆಯ ಎರಡು ವಾರ ಟೈಮೇ ಸಿಗಲ್ಲ, ಎಲ್ಲರೂ ಆಗಲೇ ಓಡಿ ಬರುತ್ತಾರೆ.

ನಮ್ಮ ಕಾಲೇಜಿನಲ್ಲಿ ಅಂಥದ್ದೇನೂ ಇಲ್ಲವಲ್ಲ ಅಂತ ಕೇಳುವ ಹುಡುಗರಿಗೆ ನಾನು ಪರ್ಡ್ಯೂ ವಿಶ್ವವಿದ್ಯಾಲಯದ ಆನ್‌ಲೈನ್ ರೈಟಿಂಗ್ ಲ್ಯಾಬ್ ತೋರಿಸುತ್ತೇನೆ. 1994ರಿಂದ ಇದೆ. ಅಲ್ಲಿನ ಪಾಠಗಳನ್ನು ಹಾಸನದಲ್ಲಿ ಕೂತು ಯಾರು ಬೇಕಾದರೂ ಪುಕ್ಕಟೆ ಓದಬಹುದು. ಆದರೆ ಎದುರಿಗೆ ಕೂತು, ಇದು ಎಲ್ಲಿಂದ ಬಂತು ಅಂತ ಕೇಳುವ ಮನುಷ್ಯರೊಬ್ಬರು ಬೇಕು. ಅದಕ್ಕೆ ಗೆಳೆಯರೇ ಆಗಬಹುದು. ಪಕ್ಕದ ಮನೆಯ ಡಿಗ್ರಿ ಹುಡುಗಿ ಅಸೈನ್‌ಮೆಂಟ್ ಹಿಡಿದುಕೊಂಡು ಬಂದರೆ ನಾನು ಪೆನ್ನು ಮುಟ್ಟಲ್ಲ. ನೀನೇ ಓದು, ಕೇಳ್ತೀನಿ ಅಂತೀನಿ.

ಅಪ್ಪನ ಮಾತಿಗೆ ಆಧಾರ ಹೇಗೆ ಕೊಡೋದು ಅನ್ನೋದು ಕೊನೆಗೆ ಉಳಿದಿತ್ತು. ಪೇಪರಿನಲ್ಲಿ ಆಧಾರ ಬರೆಯುವ ಎಪಿಎ ಪದ್ಧತಿಯಲ್ಲಿ ಅದಕ್ಕೂ ಜಾಗ ಇದೆ. ಒಬ್ಬರು ಫೋನಿನಲ್ಲೋ ಎದುರಿಗೋ ಹೇಳಿದ್ದನ್ನು ಖಾಸಗಿ ಮಾತುಕತೆ ಅಂತ ಕರೆಯುತ್ತಾರೆ. ಹೇಳಿದವರ ಹೆಸರು ಮತ್ತು ತಾರೀಕನ್ನು ವಾಕ್ಯದ ಪಕ್ಕದಲ್ಲೇ ಕಂಸದೊಳಗೆ ಹಾಕಬೇಕು. ಬೇರೆಯವರು ಹುಡುಕಿ ಓದಲು ಆಗಲ್ಲವಾದ್ದರಿಂದ ಕೊನೆಯ ಆಧಾರ ಪಟ್ಟಿಯಲ್ಲಿ ಅದು ಬರಲ್ಲ. ಹೆಸರು ಹಾಕುವ ಮೊದಲು ಒಂದು ಮಾತು ಕೇಳಿ ಅಂತ ಮೇಡಂ ಹೇಳಿದ್ದರು. ಅಕ್ಟೋಬರಿನಲ್ಲೇ ಅಪ್ಪನಿಗೆ ಫೋನ್ ಮಾಡಿ, ಆ ಸಾಲದ ಮಾತನ್ನು ಇನ್ನೊಂದು ಸಲ ಹೇಳಿ ಅಂತ ಕೇಳಿದ್ದೆ. ಹೇಳಿದರು. ಬರೆದುಕೋ, ನಂದೇನು ಅಡ್ಡಿ ಅಂದರು. ಆ ದಿನದ ತಾರೀಕೇ ಹಾಕಿದೆ.

ತಿದ್ದಿ ಬರೆದದ್ದಕ್ಕೆ 17 ಬಂತು. ಆಂಡಿಸ್ ಪರ್ವತ ಹೋಗಿ, ಅಪ್ಪನ ಹೊಲ ಮೊದಲ ಪ್ಯಾರಾಕ್ಕೆ ಬಂದಿತ್ತು. ಪ್ರಿಂಟ್ ತೆಗೆದುಕೊಂಡು ಊರಿಗೆ ಹೋದೆ. ಅಪ್ಪ ಓದಿದ್ದು ಏಳನೇ ಕ್ಲಾಸು. ಜಗಲಿಯಲ್ಲಿ ಕೂತು ಕನ್ನಡಕ ಏರಿಸಿ, ನಾನು ತೋರಿಸಿದ ಸಾಲಿನ ಮೇಲೆ ಬೆರಳಿಟ್ಟು ತಮ್ಮ ಹೆಸರಿನ ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿ ಓದಿದರು. ಬೆರಳು ಮುಂದೆ ಸರಿದು ತಾರೀಕಿನ ಹತ್ತಿರ ನಿಂತಿತು.

"ಇದ್ಯಾವ ತಾರೀಕು ಕಣವ್ವಾ?"

"ಆವತ್ತು ಫೋನಲ್ಲಿ ಹೇಳಿದ್ರಲ್ಲ ಅಪ್ಪ, ಆ ದಿನದ್ದು."

ಅವರು ಬೆರಳು ತೆಗೆಯಲಿಲ್ಲ. "ಆವತ್ತು ಹೇಳಿದ್ದಾ? ಇದನ್ನ ನಾನು ಇಪ್ಪತ್ತು ವರ್ಷದಿಂದ ಹೇಳ್ತಾ ಇದೀನಿ" ಅಂದರು.